ಸೋನು ಕಡ್ಡಿಯಾದ ಬಗೆ

ರಾಣೆಬೆನ್ನೂರಿನಲ್ಲಿದ್ದ ಪರಿಚಯದ ಬ್ಯಾಂಕ್ ನೌಕರರೊಬ್ಬರಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಯ ಮಾಲೀಕರು ನಾಯಿ ಬೇಡ ಅಂದರಂತೆ. ಹಾಗಾಗಿ ಅವರ ನಾಯಿ ಬ್ಯಾಡಗಿಯ ನಮ್ಮ ಮನೆ ಸೇರಿತು. ಜೊತೆಗೆ ಬಂದದ್ದು ಒಂದು ಸರಪಳಿ, ಒಂದು ಸ್ಟೀಲ್ ತಾಟು, ಲಸಿಕೆಯ ಪುಸ್ತಕ, ಮತ್ತೆ ಒಂದು ಹೆಸರು: ಸೋನು. ಮೊದಲಿನ ಮೂರು ಕೆಲಸಕ್ಕೆ ಬಂದವು. ಹೆಸರೇ ತೊಡಕಾಯಿತು. ನಮ್ಮ ಅಕ್ಕನ ಮಗನನ್ನು ತೊಟ್ಟಿಲಲ್ಲಿದ್ದಾಗಿನಿಂದ ಎಲ್ಲರೂ ಕರೆಯುವುದು ಸೋನು ಅಂತಲೇ. ಮೊದಲ ದಿನ ರಾತ್ರಿ ಅವ್ವ ಅಡಿಗೆಮನೆಯಿಂದ "ಸೋನೂ, ಉಣ್ಣಾಕ ಬಾ" ಎಂದು ಕೂಗಿದಳು. ಇಬ್ಬರೂ ಓಡಿ ಬಂದರು. ನಾಯಿ ಮೊದಲು ಮುಟ್ಟಿತು.

"ಹೆಸರು ಬದಲಿಸಿದ್ರ ಪಾಪ ಅದಕ್ಕ ಗೊಂದಲ ಆಗಂಗಿಲ್ಲೇನು?" ಅಂತ ಅಕ್ಕ ಕೇಳಿದಳು. ನಾಯಿಯನ್ನು ಇನ್ನೊಂದು ಮನೆಯಿಂದಲೋ ಬೀದಿಯಿಂದಲೋ ತಂದು ಸಾಕುವವರೆಲ್ಲ ಕೇಳುವ ಪ್ರಶ್ನೆ ಇದು.

ಮನುಷ್ಯರ ಲೆಕ್ಕ ಹಿಡಿದರೆ ಈ ಅನುಮಾನ ಸಹಜ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾದವು. ಇಷ್ಟು ವರ್ಷ ಕಳೆದರೂ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿಗೆ ಬೆಳಗಾಂ ಅನ್ನುವವರು ಸಿಗುತ್ತಾರೆ. ನಮ್ಮ ಕಡೆ ಹಿಂದಿನ ಕಾಲದಲ್ಲಿ ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಸೊಸೆಯ ಹೆಸರು ಬದಲಿಸುತ್ತಿದ್ದರು. ಹಾಗೆ ಎರಡು ಹೆಸರಿನ ಅಜ್ಜಿಯರು ಎಷ್ಟೋ ಜನ. ಅರವತ್ತು ವರ್ಷ ಅತ್ತೆಮನೆ ಹೆಸರಿನಲ್ಲಿ ಬಾಳಿದವರೂ ತವರಿನವರು ಹಳೆಯ ಹೆಸರು ಹಿಡಿದು ಕರೆದರೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಹೆಸರಿನೊಳಗೆ ಮನುಷ್ಯ ತನ್ನ ಅರ್ಧ ಆಯುಷ್ಯ ಇಟ್ಟಿರುತ್ತಾನೆ.

ನಾಯಿಯ ಸಂಗತಿ ಇದಕ್ಕಿಂತ ಹಗುರ. ಅದಕ್ಕೆ ತನ್ನ ಹೆಸರೆಂದರೆ ಕುಕ್ಕರಿನ ಸೀಟಿ ಇದ್ದ ಹಾಗೆ. ಈ ಸದ್ದು ಬಂತು ಅಂದರೆ ನನಗೆ ಸಂಬಂಧಪಟ್ಟದ್ದೇನೋ ನಡೆಯಲಿದೆ, ತಿರುಗಿ ನೋಡಿದರೆ ಲಾಭ ಇದೆ, ಅಷ್ಟು. ರಷ್ಯಾದ ಇವಾನ್ ಪಾವ್ಲೋವ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಾಯಿಯ ಜೊಲ್ಲು ಅಳೆದು ತೋರಿಸಿದ್ದು ಇದನ್ನೇ. ಊಟಕ್ಕೆ ಮುಂಚೆ ಯಾವ ಸದ್ದು ಮತ್ತೆ ಮತ್ತೆ ಬರುತ್ತದೋ ಆ ಸದ್ದಿಗೇ ನಾಯಿಯ ಮೈ ಸಿದ್ಧವಾಗುತ್ತದೆ. ಸದ್ದು ಸೋನು ಆದರೇನು, ಸಿದ್ಧರಾಮ ಆದರೇನು, ಅದರ ಹಿಂದೆ ಏನು ಬರುತ್ತದೆ ಎಂಬುದೇ ಮುಖ್ಯ. ಹಳೆಯ ಸೀಟಿಯ ಜಾಗಕ್ಕೆ ಹೊಸ ಸೀಟಿ ಕೂಡಿಸುವ ಕೆಲಸವನ್ನೇ ನಾವು ಮರುನಾಮಕರಣ ಅನ್ನುತ್ತೇವೆ. ಸರಿಯಾಗಿ ಮಾಡಿದರೆ ಹೆಚ್ಚಿನ ನಾಯಿಗಳಿಗೆ ಎರಡು ಮೂರು ವಾರ ಸಾಕು. ಕೆಲವು ನಾಲ್ಕೇ ದಿನದಲ್ಲಿ ಹಿಡಿಯುತ್ತವೆ.

ಹಾಗಂತ ಹೆಸರಿನ ಸದ್ದನ್ನು ನಾಯಿ ಉಳಿದ ಮಾತಿನಿಂದ ಬೇರ್ಪಡಿಸಲಾರದು ಅಂದುಕೊಳ್ಳಬೇಡಿ. 2019ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಮೃತಾ ಮಲ್ಲಿಕಾರ್ಜುನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಹಲವರು ಒಟ್ಟಿಗೆ ಮಾತಾಡುವ ಗದ್ದಲದ ನಡುವೆ ನಾಯಿಯ ಹೆಸರನ್ನೂ ಅದೇ ಏರಿಳಿತದ ಬೇರೆ ಹೆಸರುಗಳನ್ನೂ ಕೇಳಿಸಿದರು. ಗದ್ದಲ ಹೆಸರಿನಷ್ಟೇ ಜೋರಾಗಿದ್ದಾಗಲೂ ನಾಯಿಗಳು ತಮ್ಮ ಹೆಸರಿನ ಕಡೆಗೇ ಹೆಚ್ಚು ಹೊತ್ತು ಕಿವಿಗೊಟ್ಟವು. ಸಾಕುನಾಯಿಗಳಿಗಿಂತ ಕೆಲಸದ ನಾಯಿಗಳು ಇದರಲ್ಲಿ ಮುಂದಿದ್ದವು. ಸೋಮವಾರ, ಗುರುವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಓಡಾಡಿದವರಿಗೆ ಇದು ಎಂಥ ಸಾಮರ್ಥ್ಯ ಎಂದು ಗೊತ್ತಾಗುತ್ತದೆ. ಲಾರಿ ಹಾರ್ನು, ಹಮಾಲರ ಕೂಗು, ಚೀಲ ಎಸೆಯುವ ಸದ್ದು, ಇವೆಲ್ಲದರ ನಡುವೆ ಎರಡಕ್ಷರ ಹೆಕ್ಕುವುದೆಂದರೆ ಸಣ್ಣ ಮಾತಲ್ಲ.

ಮೊದಲು ಕೇಳಿಕೊಳ್ಳಬೇಕಾದದ್ದು, ಹೆಸರು ಬದಲಿಸಲೇಬೇಕೇ? ಹಳೆಯ ಹೆಸರು ಕೇಳಿದ ಕೂಡಲೇ ಕಿವಿ ನೆಟ್ಟಗಾಗಿ ಬಾಲ ಆಡಿದರೆ, ನಿಮಗೂ ಆ ಹೆಸರಿನಿಂದ ತೊಂದರೆ ಇಲ್ಲದಿದ್ದರೆ, ಸುಮ್ಮನೆ ಅದನ್ನೇ ಇಟ್ಟುಕೊಳ್ಳಿ. ಹೊಸ ಮನೆ, ಹೊಸ ವಾಸನೆ, ಹೊಸ ಜನರ ನಡುವೆ ಅದಕ್ಕೆ ಗುರುತಿರುವುದು ಅದೊಂದೇ. ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ನಮ್ಮಂತೆ ಮನೆಯಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದರೆ ಒಂದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಹೆಸರು ಹಿಡಿದು ಕರೆದಾಗ ನಾಯಿ ಕಿವಿ ಹಿಂದಕ್ಕೆ ಒತ್ತಿ, ಬಾಲ ಮುದುರಿ, ನೆಲಕ್ಕೆ ಕುಸಿದರೆ ಆ ಹೆಸರಿನ ಬೆನ್ನಿಗೆ ಹಿಂದೆ ಬೈಗುಳವೋ ಬಡಿಗೆಯೋ ಬಂದಿರಬಹುದು. ಅಂಥ ಹೆಸರನ್ನು ಒಂದು ದಿನವೂ ಉಳಿಸಬಾರದು.

ಪಶುವಿನ ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದದ್ದಲ್ಲ. ದೀಪಾವಳಿ ಕಳೆದ ಮೇಲೆ ಹಾವೇರಿ ಸೀಮೆಯ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡು ಓಡುವ ಹೋರಿಗಳಿಗೆ ಸಿನಿಮಾ ನಾಯಕರಿಗೂ ಇಲ್ಲದ ಬಿರುದು, ಫ್ಲೆಕ್ಸು, ಅಭಿಮಾನಿಗಳು. ಹೋರಿ ಲಕ್ಷಗಟ್ಟಲೆಗೆ ಮಾರಾಟವಾದರೆ ಹೆಸರೂ ಅದರ ಜೊತೆಗೇ ಹೋಗುತ್ತದೆ. ಕೊಂಡವನು ದುಡ್ಡು ಕೊಟ್ಟಿರುವುದರಲ್ಲಿ ಹೆಸರಿನ ಪಾಲೂ ಇದೆ. ಆದರೆ ಅದು ಜನ ಕೂಗುವುದಕ್ಕೆ ಇಟ್ಟ ಹೆಸರು, ಹೋರಿ ತಿರುಗಿ ನೋಡಲೆಂದು ಇಟ್ಟದ್ದಲ್ಲ. ನಾಯಿಗೆ ಹೆಸರಿಡುವಾಗ ಈ ಲೆಕ್ಕ ತಿರುವುಮುರುವು. ಕೇಳಬೇಕಾದದ್ದು ಅದರ ಕಿವಿ.

ಆ ಕಿವಿಗೆ ಒಗ್ಗುವುದು ಎರಡಕ್ಷರದ ಹೆಸರು ಎಂದು ಪಳಗಿಸುವವರು ಅನುಭವದಿಂದ ಹೇಳುತ್ತಾರೆ. ಮೊದಲಲ್ಲಿ ಕ, ಟ, ಡ, ರದಂಥ ಗಟ್ಟಿ ಅಕ್ಷರ, ಕೊನೆಯಲ್ಲಿ ಎಳೆಯಲು ಬರುವ ಸ್ವರ. ಕನ್ನಡದ ಹೆಸರುಗಳು ಹೇಗೂ ಸ್ವರಕ್ಕೇ ಮುಗಿಯುತ್ತವೆ. ಮೋತಿ, ರಾಜಾ, ಟಾಮಿ, ರಾಣಿ ಮೊದಲಾದ ಹೆಸರುಗಳು ತಲೆಮಾರುಗಟ್ಟಲೆ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು. ನೆರೆಯ ದಾವಣಗೆರೆ ಪೊಲೀಸರ ಡಾಬರ್‌ಮನ್ ನಾಯಿಯೊಂದರ ಹೆಸರು ತುಂಗಾ ಎಂದಿತ್ತು. 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಸುದ್ದಿಯಾದದ್ದು ಅದೇ. ಕರೆಯುವುದಕ್ಕೂ ಚೆಂದ, ಹೊಳೆಯ ನೆನಪೂ ಆಗುತ್ತದೆ. ಗಡಿ ಭದ್ರತಾ ಪಡೆಯೂ ತನ್ನ ನಾಯಿಗಳಿಗೆ ವಿದೇಶಿ ಹೆಸರಿನ ಬದಲು ನಮ್ಮ ಹೆಸರು ಇಡತೊಡಗಿದೆ. ಅಲ್ಲಿಯ ಮುಧೋಳ ನಾಯಿ ರಿಯಾ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ವಿದೇಶಿ ತಳಿಗಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಪಡೆಯಿತು. ಅದೂ ಎರಡಕ್ಷರವೇ.

ಇನ್ನು ಎಚ್ಚರಿಕೆಗಳು. ನೀವು ದಿನವೂ ಹೇಳುವ ಆಜ್ಞೆಯ ಮಾತಿಗೆ ಹೆಸರು ಪ್ರಾಸವಾಗಬಾರದು. ನಮ್ಮ ಸೀಮೆಯಲ್ಲಿ ನಾಯಿಗೆ "ಕುಂದ್ರು", "ನಿಂದ್ರು" ಅನ್ನುತ್ತೇವೆ. ಅದಕ್ಕೆ ಚಂದ್ರು ಅಂತ ಹೆಸರಿಟ್ಟರೆ ಕರೆದಾಗಲೆಲ್ಲ ಕೂತುಬಿಡುತ್ತದೆ. "ಛೂ" ಎಂಬ ಸದ್ದು ಹೋಲುವ ಚುಚ್ಚು, ಛೋಟು ಕೂಡ ಬೇಡ. ಯಾರ ಮೇಲಾದರೂ ಎರಗಿದರೆ ಆಮೇಲೆ ನೋಡುವಂತಿಲ್ಲ. ಓಣಿಯ ಜನರ ಹೆಸರೂ ನೋಡಿಕೊಳ್ಳಬೇಕು. ಬಸ್ಯಾ ಅಂತ ನಾಯಿಗೆ ಹೆಸರಿಟ್ಟು ಬೆಳಿಗ್ಗೆ ಎದ್ದು "ಬಸ್ಯಾ, ಸುಮ್ನ ಬಿದ್ಕೋ" ಎಂದು ಕೂಗಿದರೆ ಎದುರು ಮನೆಯ ಬಸವರಾಜರು ಎಷ್ಟು ದಿನ ತಡೆದುಕೊಂಡಾರು?

ನಮ್ಮ ಮನೆಗೆ ಬರುವ ಹಿರಿಯರೊಬ್ಬರು ಮೈಲಾರಿ ಎಂಬ ಹೆಸರು ಸೂಚಿಸಿದ್ದರು. ಅವರ ವಾದದಲ್ಲಿ ತೂಕವಿತ್ತು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನೆಂದು ಕರೆಸಿಕೊಳ್ಳುವ ಮೈಲಾರನ ಗೊರವಯ್ಯಗಳು ಜಾತ್ರೆಯ ದಿನ ದೋಣಿ ಎಂಬ ಪಾತ್ರೆಗೆ ಹಾಲು, ಬಾಳೆಹಣ್ಣು ಸುರಿಸಿಕೊಂಡು, ನಾಯಿಯಂತೆ ಬೊಗಳುತ್ತ ಬಾಯಿಂದಲೇ ತಿನ್ನುತ್ತಾರೆ. ಅವರು ಮೈಲಾರನ ನಾಯಿಗಳು. ಬೇರೆ ಕಡೆ ಬೈಗುಳವಾದ ಮಾತು ಅಲ್ಲಿ ಭಕ್ತಿ. ಹೆಸರು ನನಗೆ ಹಿಡಿಸಿತು. ಆದರೆ ನಮ್ಮ ಮನೆಯಿಂದ ಮೂರನೆಯ ಬಾಗಿಲಲ್ಲಿ ಒಬ್ಬ ಮೈಲಾರಪ್ಪನವರಿದ್ದಾರೆ. ಅಲ್ಲಿಗೆ ಮಾತು ನಿಂತಿತು.

ಕಡೆಗೆ ಹೆಸರು ಸಿಕ್ಕಿದ್ದು ನಾಯಿಯ ಮೈ ನೋಡಿ. ಕೆಂಪು ಮೈಬಣ್ಣ, ಉದ್ದ ಕಾಲು, ಎಣಿಸಲು ಬರುವ ಪಕ್ಕೆಲುಬು. ಬ್ಯಾಡಗಿ ಮೆಣಸಿನಕಾಯಲ್ಲಿ ಎರಡು ಬಗೆ ಎಂದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು. ಗಿಡ್ಡ, ದಪ್ಪ ಇರುವುದು ಡಬ್ಬಿ, ಸಪೂರಾಗಿ ನೀಳವಾಗಿರುವುದು ಕಡ್ಡಿ. ಖಾರ ಕಡಿಮೆ, ಬಣ್ಣ ಬಹಳ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಾಯಿ. "ಇದು ಕಡ್ಡೀನ ನೋಡ್ರಿ" ಎಂದು ಸೋದರಳಿಯ ಅಂದ. ಎರಡಕ್ಷರ, ಮೊದಲಲ್ಲಿ ಕ, ನಡುವೆ ಒತ್ತು, ಓಣಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಎಲ್ಲ ಯೋಚಿಸಿದೆವು ಅಂದುಕೊಂಡೆವು.

ಇಷ್ಟಾದರೂ ಮೊದಲ ಮೂರು ದಿನ ಹೆಸರಿನ ತಂಟೆಗೇ ಹೋಗಬೇಡಿ. ಜಾಗ ಬದಲಾದ ನಾಯಿ ಆ ದಿನಗಳಲ್ಲಿ ಮೂಲೆ ಹಿಡಿದಿರುತ್ತದೆ, ಇಲ್ಲವೇ ನಿಂತಲ್ಲಿ ನಿಲ್ಲದೆ ತಿರುಗುತ್ತದೆ. ಊಟ, ನೀರು, ಮಲಗುವ ಜಾಗ ಒಂದೇ ಕಡೆ, ಒಂದೇ ಹೊತ್ತಿಗೆ ಸಿಗಲಿ. ನಾಲ್ಕನೆಯ ದಿನ ಶುರು ಮಾಡಿ.

ಪಾಠಕ್ಕೆ ಬೇಕಾದದ್ದು ಕಡಲೆಕಾಳಿನಷ್ಟು ಸಣ್ಣ ತಿನಿಸಿನ ಚೂರು. ಬೇಯಿಸಿದ ಕೋಳಿ ಒಳ್ಳೆಯದು. ನಮ್ಮ ಮನೆಯಲ್ಲಿ ಅದು ಬೇಯುವುದಿಲ್ಲವಾದ್ದರಿಂದ ಪನೀರ್, ಬಿಸಿ ರೊಟ್ಟಿಯ ಚೂರು ನಡೆದವು. ಉಪ್ಪು, ಎಣ್ಣೆ ಇಲ್ಲದ ಬರೀ ಮಂಡಕ್ಕಿಯೂ ಆದೀತು. ಸಂಜೆ ಗಾಡಿಯಿಂದ ತಂದ ಒಗ್ಗರಣೆ ಮಂಡಕ್ಕಿ ಮಾತ್ರ ಬೇಡ. ಅದರಲ್ಲಿರುವ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ.

ನಾಯಿ ಬೇರೆ ಕಡೆ ನೋಡುತ್ತಿರುವಾಗ, ಗದ್ದಲವಿಲ್ಲದ ಕೋಣೆಯಲ್ಲಿ, ಹತ್ತಿರದಿಂದಲೇ ಹೊಸ ಹೆಸರನ್ನು ಒಂದೇ ಸಲ ಹೇಳಿ. ಧ್ವನಿ ಹಗುರಾಗಿರಲಿ, ಕೊನೆ ಸ್ವಲ್ಪ ಮೇಲಕ್ಕೆ ಹೋಗಲಿ. ತಿರುಗಿತೋ, "ಭೇಷ್!" ಅನ್ನಿ, ಆ ಕ್ಷಣವೇ ಚೂರು ಬಾಯಿಗೆ ಬೀಳಬೇಕು. ಮೂರು ಎಣಿಸುವಷ್ಟು ತಡವಾದರೂ ನಾಯಿಗೆ ಲೆಕ್ಕ ತಪ್ಪುತ್ತದೆ. ಯಾವುದಕ್ಕೆ ಸಿಕ್ಕಿತು ಎಂದು ಅದಕ್ಕೆ ಹೊಳೆಯುವುದಿಲ್ಲ. ತಿರುಗದಿದ್ದರೆ ಹೆಸರನ್ನು ಮತ್ತೆ ಕೂಗಬೇಡಿ. ನಾಲಿಗೆಯಿಂದ ಚ್ ಚ್ ಅಂದೋ, ಚೂರನ್ನು ಮೂಗಿನ ಹತ್ತಿರ ತಂದೋ ತಿರುಗಿಸಿ, ತಿರುಗಿದ ಮೇಲೆ ಕೊಡಿ. ಒಂದು ಸರ್ತಿಗೆ ಹತ್ತು ಸಲ, ಎರಡು ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಸರ್ತಿ. ಊಟದ ಮುಂಚೆ ಮಾಡಿದರೆ ಉತ್ಸಾಹ ಹೆಚ್ಚು. ಒಮ್ಮೆಗೇ ಅರ್ಧ ಗಂಟೆ ಪಾಠ ಹೇಳುವವರು ನಾಯಿಯ ಬೇಸರವನ್ನು ದಡ್ಡತನ ಅಂದುಕೊಳ್ಳುತ್ತಾರೆ.

ಹಳೆಯ ಹೆಸರು ಗೊತ್ತಿದ್ದು ಅದರ ಬಗ್ಗೆ ನಾಯಿಗೆ ಭಯವಿಲ್ಲದಿದ್ದರೆ ಅದನ್ನೇ ಸೇತುವೆ ಮಾಡಿಕೊಳ್ಳಬಹುದು. ಹೆಚ್ಚಿನವರು ಎಡವುವುದು ಇಲ್ಲೇ. "ಸೋನು-ಕಡ್ಡಿ" ಎಂದು ಹಳೆಯದನ್ನು ಮುಂದಿಟ್ಟು ಕರೆಯುತ್ತಾರೆ. ಸೋನು ಕೇಳಿದ ಕೂಡಲೇ ನಾಯಿ ತಿರುಗಿ ಆಯಿತು. ಅದರ ಹಿಂದೆ ಬಂದ ಕಡ್ಡಿಯಿಂದ ಅದಕ್ಕೆ ಹೊಸ ಸುದ್ದಿ ಏನೂ ಸಿಗಲಿಲ್ಲ, ಅದನ್ನು ಕಲಿಯುವ ಗರಜೂ ಇಲ್ಲ. ಲಿಯೋನ್ ಕ್ಯಾಮಿನ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಇಲಿಗಳ ಮೇಲೆ ಇದನ್ನು ತೋರಿಸಿದ್ದ. ಒಂದು ಸೂಚನೆ ಆಗಲೇ ಗೊತ್ತಿದ್ದರೆ ಅದರ ಜೊತೆಗೆ ಸೇರಿಸಿದ ಎರಡನೆಯದನ್ನು ಪ್ರಾಣಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹೊಸದು ಮೊದಲು ಬರಬೇಕು. "ಕಡ್ಡಿ", ಅರೆಕ್ಷಣ ಬಿಟ್ಟು "ಸೋನು", ಆಮೇಲೆ ಚೂರು. ಎರಡು ಮೂರು ದಿನದಲ್ಲಿ ನಾಯಿ ಸೋನು ಬರುವವರೆಗೆ ಕಾಯದೆ ಕಡ್ಡಿಗೇ ತಿರುಗುತ್ತದೆ. ತಿರುಗಿದ ದಿನದಿಂದ ಸೋನುವನ್ನು ಕಡಿಮೆ ಮಾಡುತ್ತ ಬನ್ನಿ, ವಾರದೊಳಗೆ ಪೂರ್ತಿ ಬಿಡಿ. ಹಳೆಯ ಹೆಸರಿಗೆ ನಾಯಿ ಹೆದರುತ್ತಿದ್ದರೆ ಈ ಸೇತುವೆ ಬೇಡವೇ ಬೇಡ. ಹೊಸದನ್ನು ಸೊನ್ನೆಯಿಂದ ಕಲಿಸಿ.

ಕೋಣೆಯಲ್ಲಿ ಹತ್ತಕ್ಕೆ ಎಂಟೊಂಬತ್ತು ಸಲ ತಿರುಗಿದರೆ ಹಿತ್ತಲಿಗೆ ಹೋಗಿ, ಆಮೇಲೆ ಅಂಗಳ, ಆಮೇಲೆ ಓಣಿ. ಪ್ರತಿ ಹೊಸ ಜಾಗದಲ್ಲೂ ಅದು ಅರ್ಧ ಮರೆತಂತೆ ಕಾಣುತ್ತದೆ. ಮೊಂಡುತನವಲ್ಲ ಅದು, ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಒಯ್ಯುವುದು ನಾಯಿಗೆ ತಾನಾಗಿ ಬರುವುದಿಲ್ಲ. ಬಯಲಿನಲ್ಲಿ ಹಗ್ಗ ಬಿಡುವ ಮಾತು ಕಡೆಯದು. ನಾವು ಕಡ್ಡಿಯನ್ನು ಮಾರುಕಟ್ಟೆ ರಸ್ತೆಗೆ ಒಯ್ದದ್ದು ಮೂರನೆಯ ವಾರ, ಅದೂ ವ್ಯಾಪಾರವಿಲ್ಲದ ದಿನ. ಮೆಣಸಿನಕಾಯಿಯ ಘಾಟಿಗೆ ಮನುಷ್ಯರೇ ಸೀನುತ್ತಾರೆ, ನಾಯಿಯ ಮೂಗಿನ ಕಥೆ ಬೇರೆ ಹೇಳಬೇಕೇ.

ತಿನಿಸಿಗಿಂತ ಕಷ್ಟವಾದದ್ದು ಮನೆಮಂದಿಯನ್ನು ಪಳಗಿಸುವುದು. ಹೆಸರನ್ನು ಇದ್ದಂತೆ ಬಿಡುವ ಅಭ್ಯಾಸ ನಮ್ಮ ಸೀಮೆಗೆ ಇಲ್ಲ. ಮಂಜುನಾಥ ಮಂಜ್ಯಾ ಆಗುತ್ತಾನೆ, ಶಿವಲಿಂಗ ಶಿವ್ಯಾ ಆಗುತ್ತಾನೆ. ವಾರದೊಳಗೆ ಅಕ್ಕ "ಕಡ್ಡೆಪ್ಪ" ಅನ್ನತೊಡಗಿದಳು, ಅವ್ವನಿಗೆ ಅದು "ಕಡ್ಡ್ಯಾ", ಹುಡುಗನಿಗೆ "ಕಡ್ಡೂ". ಕಲಿಯುವ ಮೊದಲ ಮೂರು ವಾರವಾದರೂ ಎಲ್ಲರ ಬಾಯಲ್ಲಿ ಒಂದೇ ರೂಪ ಇರಬೇಕು. ಅಡಿಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಕಡ್ಡಿ" ಎಂದು ಬರೆದಿಟ್ಟೆವು. ಪ್ರೀತಿಯ ಹೆಸರುಗಳು ಆಮೇಲೆ ಎಷ್ಟಾದರೂ ಇರಲಿ, ನಾಯಿ ಒಂದೊಂದನ್ನೂ ಕಲಿತುಕೊಳ್ಳುತ್ತದೆ.

ಇನ್ನೊಂದು ಕಟ್ಟುನಿಟ್ಟು: ಬೈಯಲು ಹೆಸರು ಬಳಸಬೇಡಿ. ಚಪ್ಪಲಿ ಕಚ್ಚಿದರೆ "ಬ್ಯಾಡ" ಸಾಕು. ಸ್ನಾನಕ್ಕೆ, ಇಂಜೆಕ್ಷನ್‌ಗೆ, ಸರಪಳಿ ಹಾಕುವುದಕ್ಕೆ ಹೆಸರು ಹಿಡಿದು ಕರೆಯದೆ ನೀವೇ ಹತ್ತಿರ ಹೋಗಿ. ಸುಮ್ಮಸುಮ್ಮನೆ ದಿನಕ್ಕೆ ನೂರು ಸಲ ಕೂಗಿದರೂ ಹೆಸರು ಸವೆಯುತ್ತದೆ. ಪಕ್ಕದ ಮನೆಯ ಟಿವಿ ಸದ್ದನ್ನು ನಾವು ಕೇಳಿಯೂ ಕೇಳದಂತಿರುತ್ತೇವಲ್ಲ, ಹಾಗೆ.

ನಿಜವಾಗಿ ಕಲಿತಿದೆಯೋ, ನಿಮ್ಮ ಧ್ವನಿಯ ಸವಿಗೆ ಮಾತ್ರ ತಿರುಗುತ್ತಿದೆಯೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಅದೇ ಧ್ವನಿಯಲ್ಲಿ ಬುಟ್ಟಿ, ಚಟ್ನಿ, ಹಗ್ಗ, ಸಂತಿ ಎಂದು ಒಂದೊಂದೇ ಮಾತು ಬಿಟ್ಟು ಬಿಟ್ಟು ಹೇಳಿ. ಕಿವಿ ಸಡಿಲಾಗುತ್ತ ಬಂದು, ಐದನೆಯದಾಗಿ ಹೆಸರು ಹೇಳಿದಾಗ ಚುರುಕಾಗಿ ತಿರುಗಿದರೆ ಕೆಲಸ ಆಯಿತು.

ಬೀದಿಯಿಂದ ತಂದ ನಾಯಿಗೆ ಹೆಸರೇ ಇಲ್ಲ ಎಂದು ತಿಳಿಯಬೇಡಿ. ಚಹಾದ ಅಂಗಡಿಯವರು, ಹಮಾಲರು, ಶಾಲೆಯ ಮಕ್ಕಳು ಒಂದೊಂದು ಹೆಸರಿಟ್ಟಿರುತ್ತಾರೆ. ಹೋಗಿ ಕೇಳಿದರೆ ಹೇಳುತ್ತಾರೆ. ಕಿವಿಯ ಅಂಚು ಕತ್ತರಿಸಿದ್ದರೆ ಸಂತಾನಹರಣ ಮಾಡಿ ರೇಬೀಸ್ ಲಸಿಕೆ ಹಾಕಿದ್ದಾರೆ ಎಂಬುದರ ಗುರುತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಕೆಳಗೆ ಹೀಗೆ ಗುರುತು ಮಾಡುತ್ತಾರೆ. ಆದರೂ ಪಶುವೈದ್ಯರಿಗೆ ತೋರಿಸಿ ಲಸಿಕೆಯನ್ನು ಹೊಸದಾಗಿ ಲೆಕ್ಕ ಹಿಡಿಯುವುದು ಒಳ್ಳೆಯದು. ಕರೆದರೆ ಎಷ್ಟು ದಿನವಾದರೂ ತಿರುಗದ ನಾಯಿಯ ಕಿವಿ ಪರೀಕ್ಷೆಯೂ ಆಗಲಿ. ಕಿವಿ ಸೋರುವ ನಾಯಿಗಳು ಬೇಕಾದಷ್ಟು. ಪೂರ್ತಿ ಕಿವುಡಾದರೆ ಹೆಸರು ಕೈಸನ್ನೆಯಾದೀತು, ನೆಲಕ್ಕೆ ಹೆಜ್ಜೆ ಬಡಿದರೆ ಅದುರಿಗೆ ತಿರುಗುತ್ತದೆ.

ಹಿಂದಿ ಮಾತಾಡುವ ಮನೆಯಿಂದ ಬಂದ ನಮ್ಮ ಕಡ್ಡಿಗೆ "ಬೈಠ್" ಗೊತ್ತಿತ್ತು, "ಕುಂದ್ರು" ಗೊತ್ತಿರಲಿಲ್ಲ. ನಾಯಿಗೆ ಭಾಷೆ ಬದಲಾದದ್ದು ತಿಳಿಯುತ್ತದೆಯೇ? ಲಾರಾ ಕುವಾಯಾ ಎಂಬ ವಿಜ್ಞಾನಿ ಮೆಕ್ಸಿಕೋದಿಂದ ಹಂಗೇರಿಗೆ ಹೋದಾಗ ತಮ್ಮ ನಾಯಿ ಕುನ್-ಕುನ್ ವಿಷಯದಲ್ಲಿ ಕೇಳಿಕೊಂಡದ್ದು ಇದನ್ನೇ. ಬುಡಾಪೆಸ್ಟಿನಲ್ಲಿ 18 ನಾಯಿಗಳನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಸ್ಪ್ಯಾನಿಷ್, ಹಂಗೇರಿಯನ್ ಎರಡರಲ್ಲೂ ಕಥೆ ಕೇಳಿಸಿದಾಗ ಅವುಗಳ ಮೆದುಳು ಪರಿಚಿತ ಭಾಷೆಯನ್ನೂ ಅಪರಿಚಿತ ಭಾಷೆಯನ್ನೂ ಬೇರೆಬೇರೆಯಾಗಿ ಗ್ರಹಿಸುವುದು ಕಂಡಿತು. ವಯಸ್ಸಾದ ನಾಯಿಗಳಲ್ಲಿ ಆ ವ್ಯತ್ಯಾಸ ಇನ್ನೂ ಸ್ಪಷ್ಟ. ಆಜ್ಞೆಗಳಿಗೂ ಅದೇ ಉಪಾಯ ನಡೆಯುತ್ತದೆ: "ಕುಂದ್ರು" ಮೊದಲು, "ಬೈಠ್" ಆಮೇಲೆ. ಹೆಸರು ಗಟ್ಟಿಯಾಗುವವರೆಗೆ ಇದಕ್ಕೆ ಕೈಹಾಕಬೇಡಿ.

ಕಾಗದಪತ್ರದ ಕೆಲಸ ಚಿಕ್ಕದು. ಲಸಿಕೆ ಪುಸ್ತಕದಲ್ಲಿ ಹಳೆಯ ಹೆಸರನ್ನು ಅಳಿಸದೆ, ಪಕ್ಕದಲ್ಲಿ ಹೊಸ ಹೆಸರು, ಹೊಸ ಮಾಲೀಕರ ವಿಳಾಸ ಬರೆಸಿ ವೈದ್ಯರ ಸಹಿ ಹಾಕಿಸಿ. ಹಾವೇರಿ, ರಾಣೆಬೆನ್ನೂರಿನಲ್ಲಿ ನಗರಸಭೆ, ಬ್ಯಾಡಗಿಯಲ್ಲಿ ಪುರಸಭೆ. ಅಲ್ಲಿ ನಾಯಿಯ ನೋಂದಣಿ ಆಗಿದ್ದರೆ ತಿದ್ದುಪಡಿ ಕೇಳಿ. ಮೈಕ್ರೋಚಿಪ್ ಹಾಕಿಸಿದ ನಾಯಿಯಾದರೆ ಚಿಪ್ಪಿನೊಳಗೆ ಇರುವುದು 15 ಅಂಕಿಯ ಸಂಖ್ಯೆ ಮಾತ್ರ. ಹೆಸರು, ಫೋನ್ ನಂಬರು ಇರುವುದು ನೋಂದಾಯಿಸಿದವರ ದಾಖಲೆಯಲ್ಲಿ, ಬದಲಾಗಬೇಕಾದದ್ದು ಅಲ್ಲಿ. ಕೊರಳಪಟ್ಟಿಯ ಬಿಲ್ಲೆಯ ಮೇಲೆ ನಾಯಿಯ ಹೆಸರಿಗಿಂತ ನಿಮ್ಮ ಫೋನ್ ನಂಬರು ಇದ್ದರೆ ಮೇಲು. ಹೆಸರು ಓದಿದ ಕಳ್ಳನೂ ಹೆಸರು ಹಿಡಿದೇ ಕರೆಯುತ್ತಾನೆ.

ಕಡ್ಡಿ ಹದಿನೇಳನೆಯ ದಿನಕ್ಕೆ ಹೆಸರು ಗಟ್ಟಿ ಮಾಡಿಕೊಂಡಿತು. ಸೋನು ಅಂದರೆ ಈಗ ಹುಡುಗ ಮಾತ್ರ ತಿರುಗುತ್ತಾನೆ, ಅದೂ ಎರಡನೆಯ ಸಲ ಕರೆದಾಗ. ನಾವು ಯೋಚಿಸದೆ ಬಿಟ್ಟದ್ದು ಏನೆಂದು ತಿಳಿದದ್ದು ತಿಂಗಳ ಮೇಲೆ. ಬುಡಾಪೆಸ್ಟಿನ ಅದೇ ಸಂಶೋಧಕರ ಬಳಗ 2020ರಲ್ಲಿ ನಾಯಿಗಳ ತಲೆಗೆ ಮೆದುಳಿನ ವಿದ್ಯುತ್ ಅಲೆ ಅಳೆಯುವ ತಂತಿ ಅಂಟಿಸಿ ಇನ್ನೊಂದನ್ನು ಕಂಡುಕೊಂಡಿತ್ತು: ಗೊತ್ತಿರುವ ಮಾತನ್ನೂ ಅದಕ್ಕಿಂತ ಒಂದೇ ಒಂದು ಧ್ವನಿ ಬೇರೆಯಾದ ಅರ್ಥವಿಲ್ಲದ ಮಾತನ್ನೂ ನಾಯಿಯ ಮೆದುಳು ಬೇರೆ ಮಾಡುವುದಿಲ್ಲ, ಅಕ್ಷರ ಅಕ್ಷರವನ್ನು ಅದು ಗಮನಿಸುವುದಿಲ್ಲ. ಒಂದು ಸಂಜೆ ಕರೆಂಟು ಹೋಯಿತು. ಅವ್ವ ದೇವರ ಕೋಣೆಯಿಂದ "ಕಡ್ಡಿಪೆಟ್ಟಗಿ ಎಲ್ಲೈತೋ" ಎಂದು ಕೂಗಿದಳು. ಕತ್ತಲಲ್ಲಿ ನಾಲ್ಕು ಕಾಲು ಟಪಟಪ ಓಡಿ ಬಂದು, ಅವಳ ಮುಂದೆ ಕೂತು, ಬಾಲದಿಂದ ನೆಲ ಬಡಿಯತೊಡಗಿದವು. ದೀಪ ಹಚ್ಚುವ ಮೊದಲು ಅವಳು ಒಂದು ಚೂರು ರೊಟ್ಟಿ ಹುಡುಕಬೇಕಾಯಿತು.